ಬೆಂಡೆಕಾಯಿ ಅಚ್ಚು, ಹತ್ತಿಯ ಹೂ

ಹತ್ತಿಯ ಹೂವಿಗೆ ದಿನಕ್ಕೊಂದು ಬಣ್ಣ. ಅರಳಿದ ಬೆಳಿಗ್ಗೆ ಕೆನೆಬಿಳುಪು, ಮರುದಿನ ಗುಲಾಬಿ, ಆಮೇಲೆ ಮುದುಡಿ ಕೆಂಪಾಗಿ ಉದುರುತ್ತದೆ. ಒಂದೇ ಗಿಡದಲ್ಲಿ ಇವತ್ತಿನ ಹೂವೂ ನಿನ್ನೆಯ ಹೂವೂ ಅಕ್ಕಪಕ್ಕ ನಿಂತಿದ್ದರೆ ಗೊತ್ತಿಲ್ಲದವರು ಎರಡು ಬೇರೆ ಜಾತಿ ಎಂದೇ ತಿಳಿಯುತ್ತಾರೆ. ದಾವಣಗೆರೆ ಸೀಮೆಯಲ್ಲಿ ಹತ್ತಿ ಬೆಳೆದು, ಹಿಂಜಿ, ನೂಲು ತೆಗೆದು, ಬಟ್ಟೆ ನೇಯ್ದ ಕಾಲ ದೊಡ್ಡದು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರೇ ಬಂದಿತ್ತು. ಈಗ ಆ ಹಳೆಯ ಗಿರಣಿಗಳ ಸದ್ದು ಅಡಗಿದೆ. ಹೊಲಗಳಲ್ಲಿ ಮೆಕ್ಕೆಜೋಳ, ನೀರಾವರಿ ಇದ್ದ ಕಡೆ ಭತ್ತ, ಅಡಿಕೆ. ಹತ್ತಿ ಹೂವಿನ ಬಣ್ಣ ಬದಲಾಗುವುದನ್ನು ನಾನು ಕಣ್ಣಿಟ್ಟು ನೋಡತೊಡಗಿದ್ದು ಬಟ್ಟೆಯ ಎಸಳಿಗೆ ಬಣ್ಣ ಹಾಕಲು ಕೂತ ಮೇಲೆ, ಲೋಕಿಕೆರೆಯ ಚಿಗವ್ವನ ಮನೆಯ ಪಡಸಾಲೆಯಲ್ಲಿ.

ಚಿಗವ್ವ ರವಿಕೆ ಹೊಲಿಯುತ್ತಾಳೆ. ಹೊಲಿಗೆ ಯಂತ್ರದ ಕೆಳಗೆ ಒಂದು ಬಿದಿರು ಬುಟ್ಟಿ. ಲೈನಿಂಗ್ ಬಟ್ಟೆಯ ತುಂಡು, ಪಂಚೆಯ ಅಂಚು, ಹಳೇ ಮಗ್ಗುಲು ಹಾಸಿಗೆಯ ಬಿಳಿ ಚೂರು ಎಲ್ಲ ಅದರಲ್ಲಿ ಬೀಳುತ್ತವೆ. ಕೈ ಬಿಡುವಾದಾಗ ಆ ಚೂರುಗಳೇ ಹೂವಾಗುತ್ತವೆ. ಬಾಗಿಲ ತೋರಣಕ್ಕೆ, ಶಾಲೆಯ ಹುಡುಗಿಯರ ನೃತ್ಯದ ಜಡೆಗೆ, ಸೀಮಂತದ ಕುರ್ಚಿಯ ಹಿಂದಿನ ಅಲಂಕಾರಕ್ಕೆ. ತಂತಿ, ಹಸಿರು ಟೇಪು, ಹೂವಿನ ನಡುವೆ ನಿಲ್ಲಿಸುವ ಪೋಲನ್ ಕಡ್ಡಿ ಇವನ್ನು ದಾವಣಗೆರೆ ಪೇಟೆಗೆ ಹೋದಾಗ ತರುವುದು. ಅಂಗಡಿಯಲ್ಲಿ ಸಿದ್ಧ ಹೂವೂ ಸಿಗುತ್ತದೆ, ಗೊಂಚಲು ಗೊಂಚಲು. ಬಣ್ಣ ಎಲ್ಲದರಲ್ಲೂ ಒಂದೇ ಸಮ. ಎಸಳಿನ ಬುಡಕ್ಕೂ ತುದಿಗೂ ವ್ಯತ್ಯಾಸವಿಲ್ಲ, ಮೊಗ್ಗಿಗೂ ಅರಳಿದ್ದಕ್ಕೂ ವ್ಯತ್ಯಾಸವಿಲ್ಲ. ಕೃತಕ ಹೂವು ಎಂದರೆ ಮುಖ ತಿರುಗಿಸುವವರು ತಿರುಗಿಸುವುದು ಈ ಕಾರಣಕ್ಕೇ ಎಂದು ನನ್ನ ನಂಬಿಕೆ. ಅದು ಬಟ್ಟೆಯದು ಎಂಬುದು ತೊಂದರೆಯಲ್ಲ. ಹೂವನ್ನು ಒಮ್ಮೆಯೂ ನೋಡದ ಕೈ ಅದಕ್ಕೆ ಬಣ್ಣ ಹಾಕಿದೆ ಎಂಬುದು ಎದ್ದು ಕಾಣುತ್ತದೆ.

ಬಟ್ಟೆಹೂವಿನ ಕಸುಬು ಸಣ್ಣದಲ್ಲ, ಹೊಸದೂ ಅಲ್ಲ. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ದಿದೆರೋ ಮತ್ತು ಸಂಗಡಿಗರು ಹೊರತಂದ ವಿಶ್ವಕೋಶದಲ್ಲಿ ಹೂವು ಮಾಡುವವರ ಕಾರ್ಯಾಗಾರಕ್ಕೇ ಮೀಸಲಾದ ಚಿತ್ರಪುಟಗಳಿವೆ. ಎಸಳು ಕತ್ತರಿಸುವ ಕಬ್ಬಿಣದ ಅಚ್ಚುಗಳು, ಎಲೆಯ ನರ ಒತ್ತುವ ಅಚ್ಚುಗಳು ಒಂದೊಂದೂ ಬಿಡಿಸಿಟ್ಟಿವೆ. ಪ್ಯಾರಿಸಿನ ಲೆಜೆರೋಂ ಎಂಬ ಮನೆತನದ ಕಾರ್ಯಾಗಾರ ದೊಡ್ಡ ದೊಡ್ಡ ಉಡುಪಿನ ಸಂಸ್ಥೆಗಳಿಗೆ ಕೈಯಲ್ಲೇ ಹೂವು ಮಾಡಿಕೊಟ್ಟು ಹೆಸರಾಯಿತು. ಜಪಾನಿನಲ್ಲಿ ಬಣ್ಣ ಹಾಕಿದ ಬಟ್ಟೆಯ ಎಸಳನ್ನು ಕಾಯಿಸಿದ ಲೋಹದ ಗುಂಡುಗಳಿಂದ ಒತ್ತಿ ಬಾಗಿಸುತ್ತಾರೆ. ಊರು ಯಾವುದಾದರೂ ಕೆಲಸದ ಹೆಜ್ಜೆಗಳು ಅವೇ. ಬಟ್ಟೆಗೆ ಗಂಜಿ ಕೊಡು, ಕತ್ತರಿಸು, ಬಣ್ಣ ಹಾಕು, ಒತ್ತು, ಕಟ್ಟು. ಲೋಕಿಕೆರೆಯಲ್ಲೂ ಅದೇ. ಕಾಯಿಸಿದ ಲೋಹದ ಗುಂಡಿನ ಬದಲು ಒಲೆಯ ಉರಿಗೆ ಹಿಡಿದ ಸ್ಟೀಲ್ ಚಮಚದ ಬೆನ್ನು, ಅಷ್ಟೆ.

ಗಂಜಿ ಸಬ್ಬಕ್ಕಿಯದಾದರೆ ಚೆನ್ನ. ಮೈದಾದ ಅಂಟಿಗಿಂತ ತೆಳ್ಳಗೆ ಹರಡುತ್ತದೆ, ಒಣಗಿದಾಗ ಬಟ್ಟೆಯ ಮೇಲೆ ಬಿಳಿ ಪುಡಿ ಕಾಣುವುದಿಲ್ಲ. ಗಂಜಿಯಲ್ಲಿ ಅದ್ದಿದ ಬಟ್ಟೆಯನ್ನು ಹಿಂಡದೆ, ಕೈಯಿಂದ ಸವರಿ, ಹಗ್ಗದ ಮೇಲೆ ಹರವಿ ಒಣಗಿಸಬೇಕು. ಕತ್ತರಿಸುವಾಗ ಎಸಳಿನ ಉದ್ದ ಬಟ್ಟೆಯ ಓರೆಗೆ ಬರುವಂತೆ ಇಡಬೇಕು. ಎಳೆಯ ನೇರಕ್ಕೆ ಕತ್ತರಿಸಿದ ಎಸಳು ಬಾಗುವುದಿಲ್ಲ, ಓರೆಗೆ ಕತ್ತರಿಸಿದ್ದು ಎಳೆದರೆ ಹಿಗ್ಗುತ್ತದೆ, ಚಮಚದ ಬಿಸಿ ಬೆನ್ನು ಒತ್ತಿದರೆ ಬಟ್ಟಲಾಗಿ ನಿಲ್ಲುತ್ತದೆ. ಇದೆಲ್ಲ ರವಿಕೆಯ ಕುತ್ತಿಗೆಗೆ ಪಟ್ಟಿ ಕೊಡುವ ಯಾರಿಗಾದರೂ ಬೆರಳಿಗೇ ಗೊತ್ತಿರುವ ವಿಷಯ.

ಬಣ್ಣಕ್ಕೆ ಬಂದಾಗ ಮಾತ್ರ ಅವಸರದವರು ನಿಲ್ಲಲೇಬೇಕು. ಒಣ ಎಸಳಿಗೆ ಬ್ರಷ್ಷು ಮುಟ್ಟಿಸಿದರೆ ಬಣ್ಣ ಅಲ್ಲೇ ಗೆರೆ ಕಟ್ಟಿ ಕೂರುತ್ತದೆ. ಕಲಿಯಲು ಪಡಸಾಲೆಗೆ ಬರುವ ಊರ ಮಕ್ಕಳು ಹಾಗೆ ಮಾಡಹೊರಟಾಗ ಚಿಗವ್ವ ತಡೆಯುತ್ತಾಳೆ. “ಹಂಗಲ್ಲವ್ವ, ಮೊದ್ಲು ಬಟ್ಟೆಗೆ ನೀರು ಕುಡಿಸು. ಹೊಟ್ಟೆ ತುಂಬಿದ ಮ್ಯಾಲೆ ಬಣ್ಣ ತಾನೇ ಮೆಲ್ಲಕ ನಡಿತತಿ.” ಅವಳ ಮಾತು ಅಕ್ಷರಶಃ ನಿಜ. ಎಸಳನ್ನು ನೀರಲ್ಲಿ ಅದ್ದಿ, ಹಳೇ ಪೇಪರಿನ ಮೇಲೆ ಒತ್ತಿ ಹೆಚ್ಚಿನ ನೀರು ತೆಗೆದು, ಬುಡದಲ್ಲಿ ಒಂದು ಹನಿ ಬಣ್ಣ ಬಿಟ್ಟರೆ ಅದು ನೂಲಿನ ಗುಂಟ ಏರುತ್ತದೆ. ಏರುತ್ತಾ ತಿಳಿಯಾಗುತ್ತದೆ. ಮೇಲಿನ ಅಂಚಿಗೆ ಮುಟ್ಟುವ ಹೊತ್ತಿಗೆ ಬಣ್ಣದ ನೆನಪಷ್ಟೇ ಉಳಿದಿರುತ್ತದೆ. ಅಂಚಿನಿಂದ ಬಿಟ್ಟರೆ ಕೆಳಗಿಳಿಯುತ್ತದೆ. ತಾವರೆಗೆ ತುದಿಯಿಂದ, ನಿತ್ಯಪುಷ್ಪಕ್ಕೆ ನಡುವಿನಿಂದ, ದಾಸವಾಳಕ್ಕೆ ಗಂಟಲಿನಿಂದ. ಹೂವು ಎಲ್ಲಿ ಗಾಢ, ಎಲ್ಲಿ ತಿಳಿ ಎಂಬುದನ್ನು ನೋಡಿಬಂದವರಿಗೆ ಹನಿ ಎಲ್ಲಿ ಬಿಡಬೇಕೆಂದು ಹೇಳಿಕೊಡಬೇಕಾಗಿಲ್ಲ.

ಯಾವ ಬಟ್ಟೆಗೆ ಯಾವ ಬಣ್ಣ ಎಂಬುದರಲ್ಲಿ ಅರ್ಧ ವಿದ್ಯೆ ಇದೆ. ಹತ್ತಿಗೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕೂರುವ ಬಣ್ಣಗಳಿವೆ, ವಾಷಿಂಗ್ ಸೋಡಾದ ಜೊತೆ ಸೇರಿ ನೂಲಿಗೇ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣಗಳಿವೆ. ಈ ಎರಡನೆಯವು 1956ರಲ್ಲಿ ಮಾರುಕಟ್ಟೆಗೆ ಬಂದವು. ಅಲ್ಲಿಯವರೆಗೆ ಹತ್ತಿಬಟ್ಟೆಗೆ ಇಷ್ಟು ಹೊಳಪಿನ, ಒಗೆದರೂ ಬಿಡದ ಬಣ್ಣ ಹಾಕುವುದು ಕಷ್ಟವಿತ್ತು. ತಂತಿಯ ಚೌಕಟ್ಟಿನ ಮೇಲೆ ತೆಳು ಬಟ್ಟೆ ಎಳೆದು ಕಟ್ಟುವ ಸ್ಟಾಕಿಂಗ್ ಹೂವಿನ ಬಟ್ಟೆ ನೈಲಾನ್. ಅದಕ್ಕೆ ರೇಷ್ಮೆ, ಉಣ್ಣೆಗೆ ಹಾಕುವ ಬಣ್ಣವನ್ನು ತುಸು ವಿನೆಗರ್ ಸೇರಿಸಿ ಕಾಯಿಸಿ ಹಾಕಬೇಕು. ಪಾಲಿಯೆಸ್ಟರ್ ಮಾತ್ರ ಮನೆಯ ಪಾತ್ರೆಗೆ ಬಗ್ಗುವುದಿಲ್ಲ. ಕಾರ್ಖಾನೆಗಳಲ್ಲಿ ಒತ್ತಡದ ಕೊಳಗದಲ್ಲಿ ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದಕ್ಕೆ ಬಣ್ಣ ಕುಡಿಸುತ್ತಾರೆ. ಅಂಗಡಿಯ ಬಿಳಿ ಹೂವನ್ನು ತಂದು ಎಷ್ಟು ಅದ್ದಿದರೂ ಬಣ್ಣ ಜಾರಿಹೋದರೆ ಅದು ಪಾಲಿಯೆಸ್ಟರ್ ಎಂದು ತಿಳಿಯಬೇಕು. ಅಂಥದರ ಮೇಲೆ ಅಕ್ರಿಲಿಕ್ ಬಣ್ಣದ ಅಚ್ಚನ್ನು ಒತ್ತಬಹುದು, ಅದು ಬಟ್ಟೆಯ ಒಳಗೆ ಇಳಿಯದೆ ಮೇಲೇ ಕೂರುತ್ತದೆ. ಗುರುತು ಹಿಡಿಯಲು ದರ್ಜಿಗಳ ಹಳೇ ಪರೀಕ್ಷೆ ಸಾಕು. ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ ಅಥವಾ ರೇಯಾನ್. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ನೈಲಾನ್.

ರೇಯಾನ್ ಎಂದಾಗ ಹರಿಹರದವರು ತಲೆಯೆತ್ತಿ ನೋಡುತ್ತಾರೆ. ಹರಿಹರದಿಂದ ತುಂಗಭದ್ರೆ ದಾಟಿದರೆ ಆಚೆ ದಡದಲ್ಲಿ ಕುಮಾರಪಟ್ಟಣಂ. ಅಲ್ಲಿಯ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ 1970ರ ದಶಕದಿಂದ ಮರವನ್ನು ಕುದಿಸಿ ತಿರುಳು ಮಾಡುತ್ತ ಬಂದಿದೆ. ಪಕ್ಕದ ಘಟಕದಲ್ಲಿ ಆ ತಿರುಳು ನಾರಾಗುತ್ತದೆ. ತಿರುಳಿಗೆ ಬಳಸುವುದು ಹೆಚ್ಚಾಗಿ ನೀಲಗಿರಿ ಮರ. ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಸೇರಿಸಿ, ಜೇನಿನಂತೆ ಗಟ್ಟಿಯಾದ ದ್ರವ ಮಾಡಿ, ಸಣ್ಣ ತೂತುಗಳ ಮೂಲಕ ಆಮ್ಲದ ತೊಟ್ಟಿಗೆ ಹಾಯಿಸಿದರೆ ಎಳೆ ಎಳೆಯಾಗಿ ವಿಸ್ಕೋಸ್, ಅಂದರೆ ರೇಯಾನ್, ಹೊರಬರುತ್ತದೆ. 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್, ಬೀಡಲ್ ಎಂಬ ಮೂವರು ಕಂಡುಹಿಡಿದ ವಿಧಾನ ಇದು. ಹತ್ತಿಯೂ ವಿಸ್ಕೋಸೂ ಮೂಲದಲ್ಲಿ ಸೆಲ್ಯುಲೋಸ್. ಅದಕ್ಕೇ ಹತ್ತಿಗೆ ಹಿಡಿಯುವ ಬಣ್ಣವೇ ಇದಕ್ಕೂ ಹಿಡಿಯುತ್ತದೆ, ಎಷ್ಟೋ ಸಲ ಇನ್ನೂ ಗಾಢವಾಗಿ. ರೇಯಾನ್ ಬಟ್ಟೆಯ ಹೂವು ಮಾಡಿದವರು ಮರದಿಂದಲೇ ಹೂವು ಮಾಡಿದಂತೆ.

ಆ ಮರ ಸುಲಭಕ್ಕೆ ಬಂದದ್ದಲ್ಲ ಎಂಬುದನ್ನೂ ಇಲ್ಲಿ ಹೇಳದೆ ಇರಲಾರೆ. ಕಾರ್ಖಾನೆಗೆ ನೀಲಗಿರಿ ಬೆಳೆಯಲೆಂದು 1980ರ ದಶಕದಲ್ಲಿ ಸಾವಿರಾರು ಎಕರೆ ಗೋಮಾಳದಂಥ ಸಮುದಾಯದ ಭೂಮಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿಯ ಪಾಲಾಯಿತು. ದನ ಮೇಯಿಸುವ ಜಾಗ, ಸೌದೆ ತರುವ ಜಾಗ ಹೋಯಿತೆಂದು ಹಳ್ಳಿಯವರು ಎದ್ದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಜೊತೆ ಸೇರಿ 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಮರಗಳ ಸಸಿ ನೆಟ್ಟರು. ‘ಕಿತ್ತಿಕೊ–ಹಚ್ಚಿಕೊ’ ಎಂದು ಆ ಸತ್ಯಾಗ್ರಹಕ್ಕೆ ಹೆಸರು. ಕೊನೆಗೆ ಆ ಕಂಪನಿಯನ್ನೇ ಮುಚ್ಚಬೇಕಾಯಿತು. ಒಂದು ಮೊಳ ರೇಯಾನ್ ಬಟ್ಟೆಯನ್ನು ಕೈಯಲ್ಲಿ ಹಿಡಿದಾಗ ನನಗೆ ಈ ನೆಲ, ನದಿ, ಜನ ಎಲ್ಲ ನೆನಪಾಗುತ್ತಾರೆ. ಹೊಸ ಬಟ್ಟೆ ಕೊಂಡು ಹೂವು ಮಾಡುವುದಕ್ಕಿಂತ ಚಿಗವ್ವನ ಬುಟ್ಟಿಯ ಚೂರುಗಳೇ ಸರಿ ಎಂದು ನಾನು ಗಟ್ಟಿಯಾಗಿ ಹೇಳುವುದು ಅದರಿಂದಾಗಿ.

ಇನ್ನು ಅಚ್ಚು. ಬಣ್ಣ ಒಣಗಿದ ಮೇಲೆ, ಎಸಳನ್ನು ಬಾಗಿಸುವ ಮೊದಲು, ಅಚ್ಚು ಒತ್ತಬೇಕು. ಬಾಗಿಸಿದ ಎಸಳಿನ ಮೇಲೆ ಅಚ್ಚು ಕೂರುವುದಿಲ್ಲ, ಚಪ್ಪಟೆ ಇದ್ದಾಗಲೇ ಆ ಕೆಲಸ ಮುಗಿಯಬೇಕು. ಪೇಟೆಯಲ್ಲಿ ರಬ್ಬರ್ ಅಚ್ಚುಗಳೂ ಮರದ ಅಚ್ಚುಗಳೂ ಸಿಗುತ್ತವೆ. ಮಕ್ಕಳ ಜೊತೆ ಕೂತಾಗ ಅಡುಗೆಮನೆಯೇ ಸಾಕು. ಬೆಂಡೆಕಾಯಿಯ ತೊಟ್ಟಿನ ಕಡೆ ಅಡ್ಡಕ್ಕೆ ಕೊಯ್ದರೆ ಐದು ಮೂಲೆಯ ಹೂವು ಸಿದ್ಧ, ನಡುವೆ ಬೀಜದ ಐದು ಮನೆ. ಶಾಲೆಯ ಚಿತ್ರಕಲೆ ಪುಸ್ತಕದಲ್ಲಿ ಅದನ್ನು ಒತ್ತದ ಮಗುವಿಲ್ಲ. ಬೆಂಡೆ, ದಾಸವಾಳ, ಹತ್ತಿ ಮೂರೂ ಒಂದೇ ಕುಟುಂಬದ ಸಸ್ಯಗಳು. ಬೆಂಡೆಯ ಹೂವನ್ನು ನೋಡಿದ್ದರೆ ಗೊತ್ತಿರುತ್ತದೆ, ತಿಳಿ ಹಳದಿ ಎಸಳು, ಗಂಟಲಲ್ಲಿ ಕಡು ನೇರಳೆ. ಹತ್ತಿಬಟ್ಟೆಯ ದಾಸವಾಳದ ಮೇಲೆ ಬೆಂಡೆಕಾಯಿ ಅಚ್ಚು ಒತ್ತುವುದರಲ್ಲಿ ಒಂದು ನೆಂಟಸ್ತಿಕೆ ಇದೆ, ಅದು ನನಗೆ ಬಹಳ ಇಷ್ಟ.

ಎಲೆಗೆ ಎಲೆಯದೇ ಅಚ್ಚು. ಹೊಂಗೆ ಎಲೆ, ಅರಳಿ ಎಲೆ, ಸೀಬೆ ಎಲೆಯ ಬೆನ್ನಿನಲ್ಲಿ ನರಗಳು ಉಬ್ಬಿರುತ್ತವೆ. ಆ ಬೆನ್ನಿಗೆ ಬಣ್ಣ ಸವರಿ, ಹಸಿರು ಹಾಕಿದ ಬಟ್ಟೆಯ ಮೇಲೆ ಬೋರಲಿಟ್ಟು, ಮೇಲೊಂದು ಕಾಗದ ಹಾಸಿ ಅಂಗೈಯಿಂದ ಒತ್ತಿದರೆ ನರಜಾಲ ಪೂರ್ತಿ ಇಳಿಯುತ್ತದೆ. ಸೀಬೆ ಎಲೆಯ ನರಗಳು ಎದ್ದು ನಿಂತಿರುವುದರಿಂದ ಮೊದಲ ಕೈಗೆ ಅದೇ ಒಳ್ಳೆಯದು. ಚುಕ್ಕಿಗಳಿಗೆ ಪೆನ್ಸಿಲ್ಲಿನ ಹಿಂಬದಿ, ಬೆಂಕಿಕಡ್ಡಿಯ ತುದಿ. ಗೆರೆಗಳಿಗೆ ತೆಂಗಿನ ಗರಿಯ ಕಡ್ಡಿ. ಅಳಿಸುವ ರಬ್ಬರನ್ನು ಬ್ಲೇಡಿನಿಂದ ಕೆತ್ತಿ ತಮಗೆ ಬೇಕಾದ ಅಚ್ಚು ಮಾಡಿಕೊಳ್ಳುವ ದೊಡ್ಡ ಹುಡುಗಿಯರೂ ಅಲ್ಲಿದ್ದಾರೆ.

ಅಚ್ಚಿಗೆ ನೀರುಬಣ್ಣ ನಡೆಯದು, ಒತ್ತಿದ ಕೂಡಲೇ ಹರಡಿ ಕಲೆಯಾಗುತ್ತದೆ. ಬಣ್ಣಕ್ಕೆ ಮೈ ಕೊಡಬೇಕು. ಅದಕ್ಕೆ ನಮ್ಮಲ್ಲಿ ಹುಣಸೆ ಬೀಜವಿದೆ. ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ ನೀರಲ್ಲಿ ಕುದಿಸಿದರೆ ನುಣ್ಣನೆಯ ಸರಿ ಬರುತ್ತದೆ. ಕಂಬಳಿ ನೇಯುವ ನಮ್ಮ ಕುರುಬ ನೇಕಾರರು ಉಣ್ಣೆಯ ಎಳೆ ಗಟ್ಟಿಯಾಗಲೆಂದು ತಲೆತಲಾಂತರದಿಂದ ಬಳಿಯುತ್ತ ಬಂದದ್ದು ಈ ಸರಿಯನ್ನೇ. ಬಟ್ಟೆಯ ಮೇಲೆ ಅಚ್ಚು ಹಾಕುವ ಗಿರಣಿಗಳೂ ಹುಣಸೆ ಬೀಜದ ಪುಡಿಯನ್ನು ಬಣ್ಣ ಗಟ್ಟಿ ಮಾಡಲು ಬಳಸುತ್ತವೆ. ಸರಿಯಲ್ಲಿ ಕಲಸಿದ ಬಣ್ಣವನ್ನು ತಟ್ಟೆಯಲ್ಲಿನ ಸ್ಪಂಜಿಗೆ ಹಾಕಿ, ಅಚ್ಚನ್ನು ಸ್ಪಂಜಿಗೆ ಮುಟ್ಟಿಸಿ, ಮೊದಲು ಒಂದು ಸಲ ಪೇಪರಿನ ಮೇಲೆ ಒತ್ತಿ, ಆಮೇಲೆ ಎಸಳಿಗೆ ಒತ್ತಬೇಕು. ಮೊದಲ ಒತ್ತು ಯಾವಾಗಲೂ ದಪ್ಪ. ಎಸಳಿಗೆ ಬೇಕಾದ್ದು ಎರಡನೆಯದು.

ಎಸಳಿನ ಮೇಲೆ ಚುಕ್ಕಿ ಗೆರೆ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಹೂವಿಗೇ ಅದು ಬೇಕು. 1793ರಲ್ಲಿ ಜರ್ಮನಿಯ ಕ್ರಿಸ್ಟಿಯಾನ್ ಕೋನ್ರಾಡ್ ಸ್ಪ್ರೆಂಗೆಲ್ ಎಂಬ ಶಾಲಾ ಮುಖ್ಯಸ್ಥ ಹೂವು ಮತ್ತು ಕೀಟಗಳ ಸಂಬಂಧದ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದ. ಎಸಳಿನ ಮೇಲಿನ ಚುಕ್ಕಿ, ಗೆರೆ, ಬಣ್ಣದ ಉಂಗುರಗಳು ಜೇನು ಎಲ್ಲಿದೆ ಎಂದು ಕೀಟಕ್ಕೆ ದಾರಿ ತೋರಿಸುತ್ತವೆ ಎಂದು ಅದರಲ್ಲಿ ತೋರಿಸಿಕೊಟ್ಟ. ಅವನ ಕಾಲದವರು ಹೆಚ್ಚು ಕಿವಿಗೊಡಲಿಲ್ಲ. ಮುಂದೆ ಡಾರ್ವಿನ್ ಆ ಪುಸ್ತಕವನ್ನು ಮೆಚ್ಚಿ ಎತ್ತಿಹಿಡಿದ. ಇದನ್ನು ಓದಿದ ಮೇಲೆ ಅಚ್ಚು ಒತ್ತುವ ಕೈಗೆ ಒಂದು ಶಿಸ್ತು ಬರುತ್ತದೆ. ಗೆರೆಗಳೆಲ್ಲ ಗಂಟಲಿನ ಕಡೆಗೆ ಹೋಗಬೇಕು. ಚುಕ್ಕಿಗಳು ಬುಡಕ್ಕೆ ಬಂದಂತೆ ಒತ್ತಾಗಬೇಕು. ಎಲ್ಲೆಂದರಲ್ಲಿ ಚೆಲ್ಲಿದ ಚುಕ್ಕಿ ಸೀರೆಗೆ ಒಪ್ಪೀತು, ಎಸಳಿಗೆ ಒಪ್ಪದು.

ಬಣ್ಣವನ್ನು ಮನೆಯಲ್ಲೇ ಮಾಡಿಕೊಳ್ಳುವ ಆಸೆ ಇದ್ದವರಿಗೆ ನಮ್ಮ ಜಿಲ್ಲೆ ಉದಾರವಾಗಿದೆ. ಚನ್ನಗಿರಿ ಕಡೆ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಗಂದು ಚೊಗರು ಬಟ್ಟೆಗೆ ಹಿಡಿದರೆ ಬಿಡುವುದಿಲ್ಲ, ಅಡಿಕೆ ಸುಲಿಯುವವರ ಅಂಗಿಯೇ ಅದಕ್ಕೆ ಸಾಕ್ಷಿ. ಸಾಗರ ತಾಲೂಕಿನ ಹೆಗ್ಗೋಡಿನ ಚರಕ ಮಹಿಳಾ ಸಹಕಾರಿ ಸಂಘ ಕೈಮಗ್ಗದ ನೂಲಿಗೆ ಈ ಚೊಗರಿನ ಬಣ್ಣವನ್ನು ಹಾಕಿ ನಾಡಿಗೆಲ್ಲ ಪರಿಚಯಿಸಿದೆ. ತಿಳಿಯಾದ ಚೊಗರಲ್ಲಿ ಅದ್ದಿದ ಎಸಳು ಒಣಗಿದ ಗುಲಾಬಿಯ ಬಣ್ಣಕ್ಕೆ ತಿರುಗುತ್ತದೆ. ಅದರ ಮೇಲೆ ಕಬ್ಬಿಣದ ನೀರಿನ ಅಚ್ಚು ಒತ್ತಿದರೆ ಮುಟ್ಟಿದಲ್ಲೆಲ್ಲ ಕಪ್ಪು. ಕಬ್ಬಿಣದ ನೀರೆಂದರೆ ತುಕ್ಕು ಹಿಡಿದ ಮೊಳೆ, ಬೆಲ್ಲ, ನೀರು ಹಾಕಿ ಹುಳಿ ಬರಲು ಬಿಟ್ಟದ್ದು. ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಕೂಡಿ ಕಪ್ಪಾಗುತ್ತದೆ. ಹಳೇ ಕಾಲದ ಶಾಯಿಯ ಗುಟ್ಟೂ ಇದೇ. ಅಚ್ಚಿನಲ್ಲಿರುವಾಗ ಕಂದು ನೀರು, ಎಸಳಿಗೆ ಮುಟ್ಟಿದ ಕ್ಷಣ ಕಪ್ಪು ನರ. ಮಕ್ಕಳು ಉಸಿರು ಹಿಡಿದು ನೋಡುತ್ತಾರೆ, ನಾನೂ ನೋಡುತ್ತೇನೆ.

ಅರಿಶಿನಕ್ಕೆ ಇನ್ನೊಂದು ಗುಣ. ಅರಿಶಿನದ ಎಸಳಿಗೆ ಸುಣ್ಣದ ತಿಳಿಯಲ್ಲೋ ಸೋಪಿನ ನೀರಲ್ಲೋ ಅದ್ದಿದ ಅಚ್ಚು ಒತ್ತಿದರೆ ಹಳದಿಯ ಮೇಲೆ ಕೆಂಪು ಮೂಡುತ್ತದೆ. ಕುಂಕುಮ ಮಾಡುವ ವಿದ್ಯೆಯೇ ಇದು. ಆದರೆ ಅರಿಶಿನ ಬಿಸಿಲಿಗೆ ನಿಲ್ಲದು, ತೋರಣಕ್ಕೆ ಹಾಕಿದರೆ ಬೇಗ ಬಿಳಚುತ್ತದೆ. ಬೀಟ್‌ರೂಟನ್ನಂತೂ ನಂಬಲೇಬಾರದು. ಬಟ್ಟೆಗೆ ಹಾಕಿದ ದಿನ ಕಣ್ಣು ಕುಕ್ಕುವ ಬಣ್ಣ, ಆಮೇಲೆ ಕಂದು ಕಲೆ. ಶಂಖಪುಷ್ಪದ ನೀಲಿ ನಿಂಬೆ ಹುಳಿಗೆ ನೇರಳೆಗೆಂಪಾಗುತ್ತದೆ. ಮಕ್ಕಳಿಗೆ ಒಳ್ಳೆಯ ಆಟ, ಬಾಳಿಕೆ ಕಡಿಮೆ. ಬಾಳಬೇಕಾದ ಹೂವಿಗೆ ಚೊಗರು, ಅಥವಾ ಒಳ್ಳೆಯ ರಿಯಾಕ್ಟಿವ್ ಬಣ್ಣ. ನನ್ನ ತೀರ್ಮಾನ ಅಷ್ಟು ನೇರ.

ಬಣ್ಣದ ವಿಷಯದಲ್ಲಿ ಒಂದು ಹೆಸರನ್ನು ನಾನು ಮಕ್ಕಳಿಗೆ ಹೇಳಿಯೇ ಹೇಳುತ್ತೇನೆ. ಮಟಿಲ್ಡಾ ಷೂರರ್. ಲಂಡನ್ನಿನ ಒಂದು ಕಾರ್ಯಾಗಾರದಲ್ಲಿ ಕೃತಕ ಎಲೆಗಳ ಮೇಲೆ ಹಸಿರು ಪುಡಿ ಉದುರಿಸುವ ಕೆಲಸ ಮಾಡುತ್ತಿದ್ದ ಹುಡುಗಿ. ಆ ಹಸಿರು ಎಂದರೆ ತಾಮ್ರ ಮತ್ತು ಆರ್ಸೆನಿಕ್ ಸೇರಿದ ವಿಷ. ಎಮರಾಲ್ಡ್ ಗ್ರೀನ್ ಎಂದು ಆಗ ಎಲ್ಲರೂ ಮೋಹಿಸಿದ ಬಣ್ಣ. ಪುಡಿ ಗಾಳಿಯಲ್ಲಿ ಹಾರುತ್ತಿತ್ತು, ಉಸಿರಿಗೆ ಸೇರುತ್ತಿತ್ತು, ಊಟದ ಕೈಗೆ ಅಂಟುತ್ತಿತ್ತು. 1861ರ ನವೆಂಬರಿನಲ್ಲಿ ಆಕೆ ಸತ್ತಾಗ ವಯಸ್ಸು 19. ಕಣ್ಣಿನ ಬಿಳಿಯೂ ಉಗುರೂ ಹಸಿರಾಗಿದ್ದವು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು, ಶ್ರೀಮಂತ ಮಹಿಳೆಯರು ತಲೆಯಲ್ಲಿ ಮುಡಿದ ಹಸಿರೆಲೆಯ ಮಾಲೆಯನ್ನು ಪರೀಕ್ಷೆಗೆ ಕಳಿಸಿದರು. ಚೆಲುವಿನ ವಸ್ತುವನ್ನು ಯಾರು ಮಾಡಿದರು, ಯಾವುದರಿಂದ ಮಾಡಿದರು ಎಂದು ಕೇಳುವುದನ್ನು ಲಂಡನ್ ಕಲಿತದ್ದು ಒಂದು ಹೂವಿನ ಹುಡುಗಿಯ ಸಾವಿನಿಂದ. ನಮ್ಮ ಪಡಸಾಲೆಯಲ್ಲಿ ಈ ಕಾರಣಕ್ಕೆ ಕೆಲವು ನಿಯಮಗಳಿವೆ. ಬಣ್ಣದ ಪುಡಿಯನ್ನು ದೊಡ್ಡವರೇ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೀರಿಗೆ ಹಾಕಬೇಕು. ಮಕ್ಕಳ ಕೈಗೆ ಕಲಸಿದ ಬಣ್ಣ ಮಾತ್ರ. ಬಣ್ಣದ ಪಾತ್ರೆ ಅಡುಗೆಗೆ ವಾಪಸು ಹೋಗಬಾರದು. ಹೆಸರು ಚೀಟಿ ಇಲ್ಲದ ಬಿಡಿ ಪುಡಿಯನ್ನು ಪೇಟೆಯಿಂದ ತರಬಾರದು.

ಈಗ ಮೊದಲು ಹೇಳಿದ ಹತ್ತಿಯ ಹೂವಿನ ಮಾತು. ಲೋಕಿಕೆರೆಯ ಹುಡುಗಿಯರಿಗೆ ಗುಲಾಬಿ, ಲಿಲ್ಲಿ, ಆರ್ಕಿಡ್ ಮಾಡುವ ಆಸೆ, ಮೊಬೈಲಿನಲ್ಲಿ ಕಾಣುವುದು ಅವೇ. ಹತ್ತಿ ಹೂವು ಮಾಡೋಣ ಎಂದಾಗ ಮೊದಲು ಯಾರಿಗೂ ಉತ್ಸಾಹವಿರಲಿಲ್ಲ. ಹೂವು ತಂದು ಮುಂದಿಟ್ಟ ಮೇಲೆ ನೋಡತೊಡಗಿದರು. ಐದು ಎಸಳು, ಒಂದರ ಅಂಚು ಇನ್ನೊಂದರ ಮೇಲೆ ಸುತ್ತಿಕೊಂಡಿದೆ. ಕೆಳಗೆ ಮೂರು ಹಸಿರು ಹೊರದಳ, ಅವುಗಳ ಅಂಚು ಗರಗಸ. ನಡುವೆ ಒಂದು ಕಂಬ, ಅದರ ಸುತ್ತ ಹಳದಿ ಕೇಸರಗಳು. ಈ ಕಂಬ ದಾಸವಾಳದಲ್ಲಿ ಉದ್ದ, ಇದರಲ್ಲಿ ಗಿಡ್ಡ. ಹಳೆಯ ನಾಟಿ ತಳಿಯಾದ ಜಯಧರ್ ಹತ್ತಿಯ ಹೂವಾದರೆ ಇನ್ನೂ ಸೊಗಸು. ಹಳದಿ ಎಸಳು, ಪ್ರತಿ ಎಸಳಿನ ಬುಡದಲ್ಲೂ ಒಂದೊಂದು ಕಡುಗೆಂಪು ಮಚ್ಚೆ. ಆ ಮಚ್ಚೆಗೆ ಪೆನ್ಸಿಲ್ ಹಿಂಬದಿಯ ಅಚ್ಚು ಸಾಲದು, ಅದರ ಅಂಚು ಎಸಳಿನೊಳಗೆ ಗೆರೆಗೆರೆಯಾಗಿ ಹರಿದಿರುತ್ತದೆ. ಒಬ್ಬ ಹುಡುಗಿ ಬೆಂಡೆಕಾಯಿಯನ್ನು ಓರೆಯಾಗಿ ಕೊಯ್ದು, ಅರ್ಧ ಅಚ್ಚು ಮಾತ್ರ ಒತ್ತಿ, ಎಸಳು ಇನ್ನೂ ತುಸು ತೇವವಿರುವಾಗಲೇ ಬಿಟ್ಟಳು. ಬಣ್ಣ ತಾನೇ ಗೆರೆ ಎಳೆದುಕೊಂಡಿತು. “ನೋಡ್ರಿ, ಥೇಟ್ ಹಂಗೇ ಬಂತು” ಎಂದಳು. ಬಂದಿತ್ತು. ಅಚ್ಚು ಮತ್ತು ಹರಿಯುವ ಬಣ್ಣ ಎರಡೂ ಒಂದೇ ಹೊತ್ತಿಗೆ ಕೂಡಿದ್ದನ್ನು ನಾನು ಅಲ್ಲಿ ಕಂಡೆ. ಒತ್ತುವುದು ನಮ್ಮ ಕೆಲಸ, ಹರಿಯುವುದು ನೀರಿನ ಕೆಲಸ. ಎರಡನ್ನೂ ಯಾವ ಹದದಲ್ಲಿ ಬಿಡಬೇಕು ಎಂಬುದೇ ಈ ಕಸುಬಿನ ಜೀವ.

ಆಮೇಲೆ ಒಂದು ಕೊಂಬೆ ಕಟ್ಟಿದರು. ಕೆನೆಬಿಳುಪಿನ ಹೂವು, ಗುಲಾಬಿಗೆ ತಿರುಗುತ್ತಿರುವುದು, ಪೂರ್ತಿ ಕೆಂಪಾಗಿ ಸುರುಳಿ ಸುತ್ತಿದ್ದು, ತುದಿಯಲ್ಲಿ ಒಡೆದ ತೊಳೆ. ತೊಳೆಗೆ ನಿಜವಾದ ಹತ್ತಿ. ಯಾವ ಅಂಗಡಿಯಲ್ಲೂ ಸಿಗದ ಕೊಂಬೆ ಅದು. ಹತ್ತಿಯಿಂದಲೇ ಬೆಳೆದ ನಗರದ ಪಕ್ಕದ ಹಳ್ಳಿಯಲ್ಲಿ ಅದು ಸಿದ್ಧವಾಯಿತೆಂಬುದು ನನಗೆ ಹೆಮ್ಮೆಯ ಸಂಗತಿ.

ಹೂವು ಬೆಳೆಯುವ ರೈತರ ಮಾತನ್ನು ಮರೆತು ಈ ಬರಹ ಮುಗಿಸಲಾಗದು. ಸೇವಂತಿಗೆ, ಚೆಂಡುಹೂವು, ಕನಕಾಂಬರ ಬೆಳೆದವರು ಹಬ್ಬದ ಬೆಲೆಗೆ ಕಾಯುತ್ತಾರೆ. ಮದುವೆ ಮಂಟಪಕ್ಕೆಲ್ಲ ಪ್ಲಾಸ್ಟಿಕ್ ಹಾರ ಬಂದು ಅವರ ಹೊಟ್ಟೆಯ ಮೇಲೆ ಹೊಡೆದಿದೆ. ಅವರ ಸಿಟ್ಟು ನ್ಯಾಯವಾದದ್ದು. ದೇವರಿಗೆ, ಮುಡಿಗೆ, ಮಂಟಪಕ್ಕೆ ಹೊಲದ ಹೂವೇ ಇರಲಿ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮಾಡಿದ ಹೂವಿಗೂ ನಮ್ಮ ಸಂಪ್ರದಾಯದಲ್ಲಿ ತನ್ನದೇ ಜಾಗ ಇತ್ತು. ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗವನ್ನು ಬೆಂಡಿನಿಂದ ಮಾಡುತ್ತಿದ್ದರು. ಬೆಂಡಿನ ಗಿಡ ನಿಂತ ನೀರಿನಲ್ಲಿ, ಕೆರೆಯ ಅಂಚಿನಲ್ಲಿ ಬೆಳೆಯುವಂಥದು. ಒಳಗಿನ ಬಿಳಿ ತಿರುಳನ್ನು ಹರಿತವಾದ ಚಾಕುವಿನಿಂದ ಸುರುಳಿ ಸುರುಳಿಯಾಗಿ ತೆಳ್ಳಗೆ ಹೆರೆದು ಎಸಳು ಮಾಡುತ್ತಾರೆ. ನೀರು ಕಂಡರೆ ಹೀರುವ ವಸ್ತು ಅದು, ಬಣ್ಣ ಮುಟ್ಟಿಸಿದ ಕೂಡಲೇ ಕುಡಿಯುತ್ತದೆ. ಬಾಸಿಂಗದ ಹೂವು ಹೊಲದ ಹೂವಿಗೆ ಎದುರಾಳಿಯಾಗಿರಲಿಲ್ಲ. ಅದಕ್ಕೂ ಒಬ್ಬ ಕಸುಬುದಾರನಿದ್ದ, ಇದಕ್ಕೂ ಒಬ್ಬ ರೈತನಿದ್ದ. ಇಬ್ಬರನ್ನೂ ಒಟ್ಟಿಗೆ ಬದಿಗೆ ಸರಿಸಿದ್ದು ಪ್ಲಾಸ್ಟಿಕ್ಕು. ಅಲಂಕಾರದ ಥರ್ಮಾಕೋಲನ್ನು ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ಪ್ಲಾಸ್ಟಿಕ್ ಹೂವಿನ ವಿಷಯದಲ್ಲಿ ನಿಷೇಧ ಬರುವವರೆಗೆ ಕಾಯಬೇಕಾಗಿಲ್ಲ, ನಾವೇ ಕೈಬಿಡಬಹುದು.

ಓದುಗರಲ್ಲಿ ಒಂದು ಕೇಳಿಕೆ. ಮುಂದಿನ ಶಾಲಾ ವಾರ್ಷಿಕೋತ್ಸವಕ್ಕೋ ಊರ ಕಾರ್ಯಕ್ರಮಕ್ಕೋ ಪ್ಲಾಸ್ಟಿಕ್ ಗೊಂಚಲು ಕೊಳ್ಳಲು ಹೊರಟಾಗ ಸ್ವಲ್ಪ ತಡೆಯಿರಿ. ಮನೆಯಲ್ಲಿ ಹಳೆಯ ಬಿಳಿ ಪಂಚೆ ಇದ್ದೇ ಇರುತ್ತದೆ. ಅದಕ್ಕೆ ಗಂಜಿ ಹಾಕಿ ಒಣಗಿಸಿ, ನಾಲ್ಕು ಬೆಂಡೆಕಾಯಿ, ಒಂದು ಬಟ್ಟಲು ಚೊಗರು ಇಟ್ಟುಕೊಂಡು ಮಕ್ಕಳನ್ನು ಕೂರಿಸಿ. ಅದಕ್ಕೂ ಮೊದಲು ಅವರನ್ನು ಹೊಲಕ್ಕೋ ಹಿತ್ತಿಲಿಗೋ ಕರೆದೊಯ್ದು ಒಂದು ಹೂವನ್ನು ಕಿತ್ತು ಎಸಳು ಬಿಡಿಸಿ ತೋರಿಸಿ. ನಮ್ಮ ಕಡೆಯವರಾದರೆ, ಹತ್ತಿಯ ಹೂವನ್ನೇ ತೋರಿಸಿ.